ಇಲ್ಲದ ಕಲ್ಲಿನ ಸುತ್ತ

ಯಲ್ಲಾಪುರ
೧೯ ಜೂನ್ ೨೦೨೪

ಪ್ರತಿಭಾಳ ತಾಯಿ ದಾಕ್ಷಾಯಿಣಿಯವರಿಗೆ ನಮಸ್ಕಾರ.

ನಾನು ಉಲ್ಲಾಸ ನಾಯ್ಕ. ನಿಮ್ಮ ಮಗಳು ಈ ವರ್ಷ ಎಂಟನೆಯ ತರಗತಿಗೆ ಸೇರಿದ ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಕ. ಈ ಕಾಲದಲ್ಲಿ ಪತ್ರ ಬಂತೆಂದು ಗಾಬರಿಯಾಗಬೇಡಿ. ನಿಮಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಕಡೆಗೆ ನಿಮ್ಮ ಯಜಮಾನರ ನಂಬರಿಗೆ ಮಾಡಿದೆ. ‘ಆಟದ ಮಾತು ನನಗ ಕೇಳಬ್ಯಾಡ್ರಿ ಸರ, ಅಕಿ ಅವ್ವಗ ಕೇಳ್ರಿ. ಫೋನ್ ಎತ್ತೂದಿಲ್ಲ ಅಕಿ, ಪತ್ರ ಬರದ್ರ ಓದತಾಳ’ ಎಂದವರು, ನಾನು ಹ್ಞೂಂ ಎನ್ನುವುದರೊಳಗೆ ಇಟ್ಟುಬಿಟ್ಟರು.

ಹುಡುಗಿ ಯಾವ ಕಿತಾಪತಿಯನ್ನೂ ಮಾಡಿಲ್ಲ. ಮೊನ್ನೆ ಸಾಫ್ಟ್‌ಬಾಲ್ ಕಿಟ್ ಬಿಚ್ಚಿ, ‘ಯಾರಿಗಾದ್ರೂ ಎಸೆಯೂಕೆ ಬರ್ತದಾ?’ ಎಂದು ಕೇಳಿದೆ. ಇವಳು ಬಂದು ಚೆಂಡು ತೆಗೆದುಕೊಂಡಳು. ಕೈಯನ್ನು ಗಾಲಿಯಂತೆ ಒಂದು ಸುತ್ತು ಬೀಸಿ, ಸೊಂಟದ ಬಳಿ ಬಿಟ್ಟಳು. ಎದುರು ಕೂತವಳ ಗ್ಲೌಸಿಗೆ ಚೆಂಡು ಬಿದ್ದ ಸದ್ದಿಗೆ ಅಡುಗೆಯ ದುರ್ಗಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು, ‘ಎಂತ ಒಡೀತ್ರಾ?’ ಎಂದಳು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಕೈಯನ್ನು ನಾನು ಕಂಡಿಲ್ಲ.

ದೋಷ ಇರುವುದು ಕಾಲಿನಲ್ಲಿ. ಎಸೆಯುವಾಗ ಎಡಗಾಲು ನೇರ ಮುಂದೆ ಬೀಳಬೇಕು. ಇವಳದು ಏನನ್ನೋ ತಪ್ಪಿಸಿದ ಹಾಗೆ ಬಲಕ್ಕೆ ಸುತ್ತಿ ಹೋಗಿ ಬೀಳುತ್ತದೆ. ಪ್ರತಿ ಸಲವೂ ಹಾಗೆಯೇ. ಅಲ್ಲಿ ಹೊಂಡವಿದೆಯೇ, ಮುಳ್ಳಿದೆಯೇ ಎಂದು ನಾನೇ ಹೋಗಿ ಬಗ್ಗಿ ನೋಡಿದೆ. ಏನೂ ಇಲ್ಲ. ಅಡ್ಡ ಹೆಜ್ಜೆ ಇಟ್ಟರೆ ಸ್ವಂತ ಸೊಂಟವೇ ಕೈಗೆ ಅಡ್ಡ ಬರುತ್ತದೆ, ಎಳೆತವೆಲ್ಲ ಭುಜಕ್ಕೆ. ನಾನು ಮಕ್ಕಳಿಗೆ ಹೇಳುವುದಿಷ್ಟೇ: ಹೆಜ್ಜೆ ಓರೆ, ಭುಜಕ್ಕೆ ಹೊರೆ. (ಪ್ರಾಸ ನನ್ನ ಕೆಟ್ಟ ಚಟ. ಗುಟ್ಕಾ ಬಿಟ್ಟ ಮೇಲೆ ಇದು ಹತ್ತಿಕೊಂಡಿತು.)

ಹಾಗಾಗಿ ಸ್ವಲ್ಪ ಕಾಲ ಪೂರ್ತಿ ಎಸೆತ ಬಂದ್ ಮಾಡಿ ಬರೀ ವಾರ್ಮ್-ಅಪ್ ಡ್ರಿಲ್ ಮಾಡಿಸಬೇಕೆಂದಿದ್ದೇನೆ. ಮೊದಲು ಮಣಿಕಟ್ಟಿನಿಂದ ಮಾತ್ರ ಚೆಂಡು ಚಿಮ್ಮಿಸುವುದು. ಆಮೇಲೆ ಒಂದು ಮೊಣಕಾಲೂರಿ ಎಸೆಯುವುದು. ಅಲ್ಲಿ ಹೆಜ್ಜೆಯ ಗೊಡವೆಯೇ ಇಲ್ಲ. ಆಮೇಲೆ ನಡೆಯುತ್ತ ಬಂದು ಎಸೆಯುವುದು. ಕಟ್ಟಕಡೆಗೆ ನಿಂತು ಒಂದು ದೊಡ್ಡ ಹೆಜ್ಜೆ, ನೇರವಾದದ್ದು. ನಿಮ್ಮ ಒಪ್ಪಿಗೆ ಬರೆಯಿರಿ.

ಇನ್ನೊಂದು ಕುತೂಹಲ. ಇವಳಿಗೆ ಕಲಿಸಿದವರು ಯಾರು? ಕೇಳಿದರೆ ನೆಲ ನೋಡುತ್ತಾಳೆ. ಆ ಮಹಾನುಭಾವರು ಸಿಕ್ಕರೆ ಹೇಳಬೇಕು: ಕೈಗೆ ನಮಸ್ಕಾರ, ಕಾಲಿಗೆ ತಕರಾರ.

ನಿಮ್ಮ ವಿಶ್ವಾಸದ,
ಉಲ್ಲಾಸ ನಾಯ್ಕ


ದಾಸನಕೊಪ್ಪ
೨ ಜುಲೈ

ಉಲ್ಲಾಸ ಸರ್ ಅವರಿಗೆ ಶರಣು.

ಪತ್ರ ಮುಟ್ಟಿತು. ಪ್ರತಿಭಾ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ, ಅದನ್ನು ಬರೆದಿಲ್ಲ ನೀವು.

ಕಲಿಸಿದವಳು ಅವಳ ಅಕ್ಕ, ನನ್ನ ಹಿರಿಯ ಮಗಳು ಅಭಿಜ್ಞಾ. ನಿಮ್ಮ ನಮಸ್ಕಾರ, ತಕರಾರು ಎರಡನ್ನೂ ನಾನೇ ಇಟ್ಟುಕೊಂಡಿದ್ದೇನೆ. ಅವಳಿಗೆ ಮುಟ್ಟಿಸುವ ದಾರಿ ಇಲ್ಲ. ಎರಡು ವರ್ಷದ ಹಿಂದೆ ಯುಗಾದಿಯ ಸುಮಾರಿಗೆ ಅವಳು ತೀರಿಕೊಂಡಳು.

ಡ್ರಿಲ್ ಮಾಡಿಸಿರಿ. ಹೆಜ್ಜೆ ಮಾತ್ರ ಬದಲಿಸಬೇಡಿರಿ.

ದಾಕ್ಷಾಯಿಣಿ


ಯಲ್ಲಾಪುರ
೧೧ ಜುಲೈ

ದಾಕ್ಷಾಯಿಣಿ ಅಕ್ಕನವರಿಗೆ,

ನನ್ನ ಹಿಂದಿನ ಪತ್ರವನ್ನು ದಯವಿಟ್ಟು ಒಲೆಗೆ ಹಾಕಿಬಿಡಿ. ಈ ಪತ್ರದಲ್ಲಿ ಪ್ರಾಸವಿಲ್ಲ.

ಪ್ರತಿಭಾ ಚೆನ್ನಾಗಿ ಉಣ್ಣುತ್ತಾಳೆ. ಮಜ್ಜಿಗೆ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಾಳೆಂದು ದುರ್ಗಮ್ಮ ಹೇಳಿದಳು.

ನೀವು ಹೇಳಿದ ಹಾಗೆ ಹೆಜ್ಜೆಗೆ ಕೈ ಹಾಕಿಲ್ಲ. ಆದರೆ ಎರಡು ಸಂಗತಿ ನಿಮಗೆ ಗೊತ್ತಿರಬೇಕು. ಒಂದು, ಅವಳು ಭುಜ ತಿಕ್ಕಿಕೊಳ್ಳಲು ಶುರುಮಾಡಿದ್ದಾಳೆ. ಇನ್ನೊಂದು, ಆಟದ ನಿಯಮ. ಪಿಚರ್, ಅಂದರೆ ಚೆಂಡು ಎಸೆಯುವವಳು, ನಿಲ್ಲುವ ಪ್ಲೇಟಿನ ಅಗಲದೊಳಗೇ ಮುಂದಿನ ಹೆಜ್ಜೆ ಬೀಳಬೇಕು. ಹೊರಗೆ ಬಿದ್ದರೆ ಅಂಪೈರ್ ಎಸೆತವನ್ನೇ ತಳ್ಳಿಹಾಕುತ್ತಾನೆ. ಮನೆಯ ಅಂಗಳ ಸುಮ್ಮನಿರುತ್ತದೆ, ಅಂಪೈರ್ ಸುಮ್ಮನಿರುವುದಿಲ್ಲ. ನವೆಂಬರಿನಲ್ಲಿ ಶಿರಸಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ಈ ಹುಡುಗಿ ಅಲ್ಲಿಗೆ ಹೋಗಬೇಕಾದವಳು.

ಮಣಿಕಟ್ಟಿನ ಡ್ರಿಲ್, ಮೊಣಕಾಲಿನ ಡ್ರಿಲ್ ಎರಡೂ ಚಂದ ಮಾಡುತ್ತಾಳೆ. ನಡೆಯುತ್ತ ಬಂದು ಎಸೆದರೂ ನೇರ. ನಿಲ್ಲಿಸಿ, ‘ಈಗ ಒಂದು ಪೂರ್ತಿ ಎಸೆ ನೋಡ್ವ’ ಎಂದರೆ ಕಾಲು ಸುತ್ತಿ ಹೋಗುತ್ತದೆ. ನಿನ್ನೆ ಒಂದು ವಿಚಿತ್ರ ಕಂಡೆ. ಆಟ ಮುಗಿದು ಮಕ್ಕಳು ಸಾಮಾನು ಎತ್ತಿಕೊಂಡು ಬರುವಾಗ ಎಲ್ಲರೂ ಅವಳ ಕಾಲು ತಪ್ಪಿಸುವ ಆ ಜಾಗವನ್ನು ಸುತ್ತಿ ಬಳಸಿಯೇ ಬಂದರು. ಯಾರೂ ಅವರಿಗೆ ಹೇಳಿಲ್ಲ. ಹಿಂದಿನಿಂದ ನಾನು ಬಂದೆ. ಮೆಟ್ಟಿಲ ಹತ್ತಿರ ಬಂದಾಗ ಗೊತ್ತಾಯಿತು, ನಾನೂ ಬಳಸಿಯೇ ಬಂದಿದ್ದೆ.

ನಮ್ಮ ಊರು ಸಿದ್ದಾಪುರದ ಕಡೆ ನಿಲ್ಕುಂದ. ಅಲ್ಲಿ ಕಾಡಿನ ಕಾಲುದಾರಿಯಲ್ಲಿ ನಮ್ಮ ಅಮ್ಮ ಮಂಜಿ ಒಂದು ಕಡೆ ದಾರಿ ಬಿಟ್ಟು ಇಳಿದು, ಬಳಸಿ, ಮತ್ತೆ ದಾರಿಗೆ ಹತ್ತುತ್ತಿದ್ದಳು. ಯಾಕೆಂದು ಕೇಳಿದರೆ, ‘ನಮ್ಮಜ್ಜಿ ಸುತ್ತಿ ಹೋಗ್ತಿತ್ತು, ನಾನೂ ಹೋಗ್ತೆ, ನಿಂಗೆಂತ ತ್ರಾಸು?’ ಎನ್ನುತ್ತಿದ್ದಳು. ಅಲ್ಲಿ ಏನಿತ್ತೋ ಅಜ್ಜಿಗೇ ಗೊತ್ತು. ನನ್ನ ಕಾಲಿಗೂ ಆ ರೂಢಿ ಬಂದಿದೆ.

ನಿಮ್ಮ ಮಗಳು ಸುತ್ತಿ ಹೋಗುವುದು ಏನನ್ನು? ಹೇಳಬಹುದೆನಿಸಿದರೆ ಬರೆಯಿರಿ.

ಉಲ್ಲಾಸ


ದಾಸನಕೊಪ್ಪ
೪ ಆಗಸ್ಟ್

ಉಲ್ಲಾಸ ಸರ್ ಅವರಿಗೆ ಶರಣು.

ಬರೆಯಲೋ ಬೇಡವೋ ಎಂದು ತಡವಾಯಿತು.

ನಮ್ಮದು ಹಿಟ್ಟಿನ ಗಿರಣಿ. ಸವೆದುಹೋದ ಹಳೆಯ ಗಿರಣಿ ಕಲ್ಲೊಂದು ಹಿತ್ತಿಲಲ್ಲಿ ಅರ್ಧ ಮಣ್ಣಾಗಿ ಬಿದ್ದಿದೆ. ಗಿರಣಿಯ ಹಿಂದಿನ ಗೋಡೆಗೆ ಚೆಂಡು ಎಸೆಯಬೇಕೆಂದರೆ ನಿಲ್ಲಲು ಇರುವುದು ಒಂದೇ ಜಾಗ. ಅಲ್ಲಿ ನಿಂತು ಎಡಗಾಲು ಮುಂದಿಟ್ಟರೆ ಸರಿಯಾಗಿ ಆ ಕಲ್ಲಿನ ಮೇಲೆಯೇ. ಅಭಿ ಅದನ್ನು ಸುತ್ತಿ ಹೆಜ್ಜೆ ಇಡುತ್ತಿದ್ದಳು. ‘ಅಪ್ಪಾ, ಆ ಕಲ್ಲ ತಗಸೋ’ ಎಂದು ಕಾಡುವಳು. ಇವರು ‘ಆತು ತಗೋ, ಅಮಾಸಿ ಮುಗೀಲಿ’ ಎನ್ನುವರು. ಅಮಾವಾಸ್ಯೆಗಳು ಮುಗಿಯುತ್ತಲೇ ಇದ್ದವು. ಆಮೇಲೆ ಅವಳಿಗೆ ಆ ಹೆಜ್ಜೆಯೇ ಹೆಜ್ಜೆಯಾಯಿತು.

ಚೆಂಡು ಎಲ್ಲಿ ಬಿತ್ತೆಂದು ಗೊತ್ತಾಗಲಿ ಎಂದು ಅದನ್ನು ಹಿಟ್ಟಿನಲ್ಲಿ ಹೊರಳಿಸಿ ಎಸೆಯುತ್ತಿದ್ದಳು. ಗೋಡೆಯ ತುಂಬ ಬಿಳಿ ಕಲೆಗಳು. ಪ್ರತಿಭಾ ಆಗ ಸಣ್ಣವಳು, ಚೆಂಡು ಹೆಕ್ಕಿ ಕೊಡುವುದು ಅವಳ ಕೆಲಸ. ‘ನನಗೂ ಒಂದ್ಸಲ ಕೊಡ’ ಎಂದರೆ, ‘ಮೊದಲ ಹೆಕ್ಕೂದು ಕಲಿ’ ಎನ್ನುತ್ತಿದ್ದಳು ಅಭಿ.

ಆ ದಿನ ಅಭಿ ಶಿರಸಿಯಿಂದ ಆಟ ಮುಗಿಸಿ ಗೆಳತಿಯ ಸ್ಕೂಟಿಯ ಹಿಂದೆ ಕೂತು ಬರುತ್ತಿದ್ದಳು. ರಸ್ತೆಯಲ್ಲಿ ಜಲ್ಲಿ ಬಿದ್ದಿತ್ತು. ಫೋನ್ ಬಂದಾಗ ಗಿರಣಿ ಓಡುತ್ತಿತ್ತು. ಯಾರೋ, ‘ಇದು ಅಭಿಜ್ಞಾ ಮನಿ ಏನ್ರೀ?’ ಎಂದರು. ಆಮೇಲಿನ ಮಾತು ಕೇಳಿಸಲಿಲ್ಲ. ‘ಜೋರ್ ಹೇಳ್ರಿ’ ಎಂದೆ. ಅವರು ಜೋರಾಗಿ ಹೇಳಿದರು. ಅದಕ್ಕೆ ಸರ್, ನಾನು ಫೋನ್ ಕಿವಿಗೆ ಹಿಡಿಯುವುದಿಲ್ಲ.

ಅವಳು ಹೋದ ಮೇಲೂ ಗಿರಣಿ ನಿಲ್ಲಿಸಿದರೆ ಗೋಡೆಯಾಚೆ ಧಡ್ ಎಂದು ಚೆಂಡಿನ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ಇವರಿಗೂ ಹೇಳಲಿಲ್ಲ, ಹೇಳಿದ್ದರೆ ಯಾವುದಾದರೂ ಮಠಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಹಾಗೇ ಎದ್ದು ಹೋದಾಗ ಅವಳು ಅಲ್ಲಿದ್ದಳು. ಬೆನ್ನು ನನ್ನ ಕಡೆ. ಅದೇ ಕೈ ಬೀಸು, ಕಲ್ಲನ್ನು ಸುತ್ತಿದ ಅದೇ ಹೆಜ್ಜೆ. ‘ಅಭೀ’ ಎಂದೆ. ತಿರುಗಿದ್ದು ಪ್ರತಿಭಾ.

ಅಂದಿನಿಂದ ಅವಳು ಎಸೆಯುವಾಗ ನಾನು ಕರೆಯುವುದಿಲ್ಲ. ಹಿಂದೆ ನಿಂತು ನೋಡುತ್ತೇನೆ. ಆ ಹೆಜ್ಜೆ ಇಡುವಷ್ಟು ಹೊತ್ತು ನನ್ನ ಇಬ್ಬರೂ ಮಕ್ಕಳು ಮನೆಯಲ್ಲಿರುತ್ತಾರೆ. ನೀವು ಅದನ್ನು ದೋಷ ಎನ್ನುತ್ತೀರಿ. ನೀವು ಹೇಳುವುದು ಸರಿಯೇ ಇರಬೇಕು. ಆದರೆ ಅದು ಹೋದರೆ ನನ್ನ ಹತ್ತಿರ ಉಳಿಯುವುದು ಗೋಡೆಯ ಕಲೆಗಳು ಮಾತ್ರ, ಅವು ಈ ಮಳೆಗೆ ಅರ್ಧ ತೊಳೆದುಹೋಗಿವೆ.

ದಾಕ್ಷಾಯಿಣಿ


ಯಲ್ಲಾಪುರ
೧೫ ಸೆಪ್ಟೆಂಬರ್

ಪ್ರೀತಿಯ ಅವ್ವಗ ಪ್ರತಿಭಾ ಮಾಡುವ ನಮಸ್ಕಾರ.

ನಾನು ಆರಾಮ ಇದ್ದೇನೆ. ಅಪ್ಪಗ ಹೇಳು, ಬೂಟು ಸರಿಯಾಗಿ ಬಂದಾವು.

ಅವ್ವಾ, ತಾಲೂಕಿನ ಮ್ಯಾಚು ಆತು. ನಾನು ಎಸೆದ ಮೊದಲನೇ ಚೆಂಡಿಗೇ ಅಂಪೈರು ಕೈ ಎತ್ತಿದರು. ಎರಡನೇದಕ್ಕೂ ಎತ್ತಿದರು. ‘ಹೆಜ್ಜಿ ಹೊರಗ ಬೀಳ್ತದ ತಂಗಿ’ ಅಂದರು. ಮೂರನೇದು ನಾನು ಎಸೀಲೇ ಇಲ್ಲ, ಚೆಂಡು ಹಿಡಕೊಂಡು ನಿಂತೆ. ಸರ್ ಬೈಯಲಿಲ್ಲ. ನನ್ನ ಕೂಡಿಸಿ ರಕ್ಷಿತಾನ್ನ ಕಳಿಸಿದರು. ನಾವು ಸೋತ್ವಿ. ವ್ಯಾನಿನಾಗ ರಕ್ಷಿತಾ ‘ನಿನ್ನ ಕಾಲಿಗೆ ಏನ್ ದೆವ್ವ ಹಿಡದೈತೆನ?’ ಅಂದಳು. ಎಲ್ಲಾರೂ ನಕ್ಕರು. ಸರ್ ಮಾತ್ರ ನಗಲಿಲ್ಲ, ಕಿಟಕಿ ಕಡೆ ನೋಡಿದರು.

ನಿನಗ ಒಂದು ಕೇಳಬೇಕಿತ್ತು. ಇಲ್ಲಿ ಕಲ್ಲು ಇಲ್ಲ ಅಂತ ನನಗ ಗೊತ್ತೈತಿ. ಆದರೂ ನೇರ ಕಾಲಿಟ್ಟರ ಯಾರದೋ ಕಾಲು ತುಳದಂಗ ಆಗತೈತಿ. ಸರ್ ಗೆರಿ ಹಾಕಿ ಕೊಟ್ಟರು, ಹಗ್ಗ ಹಾಸಿ ಕೊಟ್ಟರು. ಆ ಡ್ರಿಲ್ ಮಾಡೂ ಮುಂದ ನಾನು ನಾನೇ ಇರತೇನಿ. ಪೂರ್ತಿ ಎಸಿಯೂ ಮುಂದ ಅಕ್ಕ ಬರತಾಳ. ನಾನು ನೇರ ಇಟ್ಟರ ಅಕ್ಕ ಎಲ್ಲಿಗೆ ಹೋಗಬೇಕು?

ಇನ್ನೊಂದು. ಬೈಬ್ಯಾಡ. ನಾನು ಮನಿಯಾಗ ಎಸಿಯೂ ಮುಂದ ನೀನು ಹಿಂದ ನಿಂತು ನೋಡತಿ. ನನಗ ಗೊತ್ತಾಗತೈತಿ. ಒಂದ್ಸಲಾನೂ ಮುಂದ ಬಂದು ನೋಡೂದಿಲ್ಲ. ನಾ ತಿರುಗಿದರ ನೀ ಒಳಗ ಹೋಗಿರತಿ.

ಭುಜ ಸ್ವಲ್ಪ ನೋಯತೈತಿ. ಭಾಳ ಇಲ್ಲ.

ನಿನ್ನ ಮಗಳು,
ಪ್ರತಿಭಾ


ಯಲ್ಲಾಪುರ
೧ ಅಕ್ಟೋಬರ್

ದಾಕ್ಷಾಯಿಣಿ ಅಕ್ಕನವರಿಗೆ ನಮಸ್ಕಾರ.

ನಾಡಿದ್ದು ದಸರಾ ರಜೆಗೆ ಮಕ್ಕಳನ್ನು ಬಿಡುತ್ತೇವೆ. ಪ್ರತಿಭಾಳ ಭುಜವನ್ನು ಡಾಕ್ಟರಿಗೆ ತೋರಿಸಿದೆ. ಈಗ ಕೆಟ್ಟಿಲ್ಲ, ಹೀಗೇ ಎಸೆದರೆ ಕೆಡುತ್ತದೆ ಎಂದರು. ಶಿರಸಿಯ ಆಯ್ಕೆ ನವೆಂಬರ್ ಹದಿನೈದಕ್ಕೆ. ಅವಳನ್ನು ಕರೆದುಕೊಂಡು ಹೋಗಬೇಕೋ ಬೇಡವೋ, ಅದನ್ನು ರಜೆ ಮುಗಿದ ಮೇಲೆ ನೀವೇ ತಿಳಿಸಿ. ಎರಡು ಗೆರೆಯ ನಡುವೆ ಹೆಜ್ಜೆ ಬೀಳದಿದ್ದರೆ ಅಲ್ಲಿ ನಿಲ್ಲಿಸಿ ನಾಲ್ಕು ಜನರ ಎದುರು ಅವಳನ್ನು ಮತ್ತೆ ಅಳಿಸಲಾರೆ.

ಮನೆಯಲ್ಲಿ ಮಾಡುವ ಡ್ರಿಲ್ ಅವಳಿಗೆ ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದೇನೆ. ನೀವು ಕೇಳಿದರೆ ಒಪ್ಪಿಸುತ್ತಾಳೆ:

ಮೊದಲು ಮಣಿಕಟ್ಟು, ಆಮೇಲೆ ಪಟ್ಟು,
ಮೊಣಕಾಲೂರು, ನೆಟ್ಟಗೆ ಕೂರು,
ಕೈ ಮೇಲೆ, ಕಣ್ಣು ಮುಂದೆ,
ಕಾಲು ನೇರ, ಸೊಂಟ ಹಿಂದೆ.

ನಾಲ್ಕನೆಯ ಸಾಲು ಬಂದಾಗ ದನಿ ಇಳಿಸುತ್ತಾಳೆ. ನಾನು ಒತ್ತಾಯ ಮಾಡಿಲ್ಲ.

ಉಲ್ಲಾಸ


ದಾಸನಕೊಪ್ಪ
೨೧ ಅಕ್ಟೋಬರ್

ಉಲ್ಲಾಸ ಸರ್ ಅವರಿಗೆ ಶರಣು.

ಪ್ರತಿಭಾಳನ್ನು ಶಿರಸಿಗೆ ಕರೆದುಕೊಂಡು ಹೋಗಿರಿ.

ಹೇಗೆಂದು ಬರೆಯಬೇಕಲ್ಲ. ಅವಳು ಬರೆದ ಪತ್ರವನ್ನು ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ಅವಳು ಬರುವ ಮೊದಲೇ ಇವರಿಗೆ ಹೇಳಿದೆ, ‘ಕಲ್ಲ ತಗಸ್ರಿ’. ಇವರು ಅಮಾವಾಸ್ಯೆಯ ಮಾತೆತ್ತಲಿಲ್ಲ. ಹಾರೆ ತಂದರು, ಪಕ್ಕದ ಪಂಕ್ಚರ್ ಅಂಗಡಿಯ ಚೌಡನನ್ನು ಕರೆತಂದರು. ಕಲ್ಲು ಎದ್ದ ಜಾಗದಲ್ಲಿ ನೆಲ ತಣ್ಣಗೆ, ದುಂಡಗೆ, ಬೆಳ್ಳಗೆ ಇತ್ತು. ಮಣ್ಣು ತುಂಬಿ ಗುದ್ದಿ ಸಮ ಮಾಡಿದರು. ಚೌಡ, ‘ಇಷ್ಟ ದಿನ ಯಾಕ ಬಿಟ್ಟಿದ್ರಿ ಅಣ್ಣಾರ, ಒಂದ್ ತಾಸಿನ ಕೆಲಸ’ ಎಂದ. ಇವರು ಕೈಕಾಲು ತೊಳೆಯಲು ಹೋದವರು ಬಹಳ ಹೊತ್ತು ಬಚ್ಚಲಿನಿಂದ ಹೊರಗೆ ಬರಲಿಲ್ಲ.

ಕಲ್ಲು ಹೋದರೆ ಆಯಿತು ಎಂದುಕೊಂಡಿದ್ದೆ. ಹುಡುಗಿ ಬಂದಳು, ನೋಡಿದಳು. ಡ್ರಿಲ್ ಎಲ್ಲ ಮಾಡಿದಳು. ಪೂರ್ತಿ ಎಸೆದಳು. ಕಾಲು ಸುತ್ತಿಯೇ ಹೋಯಿತು. ನಾನು ಗಿರಣಿಗೆ ಬರುವಾಗ ನನ್ನ ಕಾಲೂ ಆ ಜಾಗ ಬಿಟ್ಟೇ ಬಂತು. ನಿಮ್ಮ ತಾಯಿಯವರ ಕಾಲುದಾರಿ ನೆನಪಾಯಿತು.

ಹಬ್ಬ ಮುಗಿದ ಮಾರನೆಯ ದಿನ ಗಿರಣಿ ಬಂದ್ ಇತ್ತು. ಹಿಟ್ಟಿನ ಡಬ್ಬ ಬೋರಲು ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ಅವಳ ಎದುರಿಗೆ ಕೂತೆ. ‘ಅವ್ವಾ ಏಳ, ಬಡದೀತು’ ಎಂದಳು. ‘ಮೆಲ್ಲಕ ಎಸಿ, ಹಿಡೀತೇನಿ’ ಎಂದೆ. ಗ್ಲೌಸ್ ಅಭಿಯದು, ನನ್ನ ಕೈಗೆ ಬಿಗಿ. ಮಣಿಕಟ್ಟಿನ ಎಸೆತ ಹಿಡಿದೆ. ಮೊಣಕಾಲಿನದು ಎರಡು ಬಿಟ್ಟೆ, ಒಂದು ಹಿಡಿದೆ. ಆಮೇಲೆ ಅವಳು ಎದ್ದು ನಿಂತಳು. ಮುಖ ನನ್ನ ಕಡೆ. ಎಸೆಯುವ ಮೊದಲು ಅವಳು ಕೆಳದುಟಿ ಕಚ್ಚಿಕೊಳ್ಳುತ್ತಾಳೆ ಸರ್. ನಿಮಗೆ ಗೊತ್ತಿರುತ್ತದೆ, ನನಗೆ ಗೊತ್ತಿರಲಿಲ್ಲ. ಅಭಿ ಬಾಯಿ ತೆರೆದು ಎಸೆಯುವವಳು.

ಕಾಲು ಸುತ್ತಿತು. ನಾನು ಎದ್ದು ಹೋಗಿ ಜೋಳದ ಹಿಟ್ಟು ಮೊರದಲ್ಲಿ ತಂದು, ಕಲ್ಲಿದ್ದ ಜಾಗದ ಮೇಲೆ ಪೂರ್ತಿ ಸುರಿದೆ. ‘ಇದನ್ನ ತುಳಿ’ ಎಂದೆ.

‘ಅಕ್ಕ?’ ಎಂದಳು.

‘ಅಕ್ಕ ನನ್ನ ಹತ್ತಿರ ಇರತಾಳ. ಅಕಿನ್ನ ಹೊರೂದು ನಿನ್ನ ಕೆಲಸ ಅಲ್ಲ. ನಾನ ಹೇಳತೇನಿ, ತುಳಿ’ ಎಂದೆ. ಅಳು ಬಂದಿತ್ತು ಅವಳಿಗೆ. ತುಳಿದಳು. ಚೆಂಡು ನೇರ ಬಂದು ನನ್ನ ಕೈಗೆ ಬಡಿಯಿತು, ಇನ್ನೂ ಹೆಬ್ಬೆರಳು ಬಾತಿದೆ.

ಹಿಟ್ಟಿನಲ್ಲಿ ಬರಿಗಾಲಿನ ಹೆಜ್ಜೆ ಮೂಡಿತ್ತು. ಇಬ್ಬರೂ ಬಗ್ಗಿ ನೋಡಿದೆವು. ಅಭಿಗೆ ಕಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಇದು ಹಾಗಿರಲಿಲ್ಲ. ಗಿಡ್ಡ, ಅಗಲ ಪಾದ, ನಮ್ಮ ಅತ್ತೆ ಶಾರದವ್ವನ ಪಾದದ ಹಾಗೆ. ‘ಇದು ನಂದು’ ಎಂದಳು, ಕಳೆದ ಚಪ್ಪಲಿ ಸಿಕ್ಕವಳ ಹಾಗೆ.

ಸಂಜೆ ಕೋಳಿಗಳು ಬಂದು ಹಿಟ್ಟನ್ನೆಲ್ಲ ಹೆಕ್ಕಿದವು.

ದಾಕ್ಷಾಯಿಣಿ


ಯಲ್ಲಾಪುರ
೧೭ ನವೆಂಬರ್

ದಾಕ್ಷಾಯಿಣಿ ಅಕ್ಕನವರಿಗೆ ನಮಸ್ಕಾರ.

ಅವಳು ಆಯ್ಕೆಯಾದಳು. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಪತ್ರದ ಕೊನೆಯವರೆಗೆ ನೀವು ಕಾಯಬಾರದು ಎಂದು.

ನೀವು ಶಿರಸಿಗೆ ಬರುತ್ತೀರೆಂದು ಅವಳು ಗೇಟಿನ ಕಡೆ ನೋಡುತ್ತಿದ್ದಳು. ಆ ರಸ್ತೆಯಲ್ಲಿ ಬರುವುದು ನಿಮಗೆ ಸುಲಭವಲ್ಲ ಎಂದು ನನಗೆ ಹೊಳೆದಿತ್ತು, ಅವಳಿಗೂ ಹೇಳಿದೆ. ‘ಗೊತ್ತೈತ್ರಿ ಸರ’ ಎಂದಳು, ದೊಡ್ಡವರ ಹಾಗೆ. ನಿಮ್ಮ ಯಜಮಾನರು ಬಂದಿದ್ದರು. ಎಲ್ಲ ಮುಗಿಯುವವರೆಗೆ ಮೈದಾನಕ್ಕೆ ಬೆನ್ನು ಹಾಕಿ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿದ್ದರು. ಸದ್ದು ಕೇಳಿಯೇ ಎಲ್ಲ ತಿಳಿದುಕೊಂಡರೆಂದು ಕಾಣುತ್ತದೆ. ಪ್ರತಿ ಎಸೆತಕ್ಕೂ ಅವರ ಹೆಗಲು ಸ್ವಲ್ಪ ಇಳಿಯುತ್ತಿತ್ತು.

ಎಲ್ಲ ಎಸೆತವೂ ಗೆರೆಯೊಳಗೆ. ಅಂಪೈರ್ ಕೈ ಎತ್ತುವ ಕೆಲಸವಿಲ್ಲದೆ ಆಕಳಿಸಿದ.

ಒಂದು ಮಾತು ಬರೆಯದೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಆಟಕ್ಕೆ ಮೊದಲು ವಾರ್ಮ್-ಅಪ್ ಮಾಡುವಾಗ, ಮಣಿಕಟ್ಟು, ಮೊಣಕಾಲು, ನಡಿಗೆ ಎಲ್ಲ ಮುಗಿದ ಮೇಲೆ, ಅವಳು ಒಮ್ಮೆ ಸುತ್ತ ನೋಡಿದಳು. ಆಮೇಲೆ ಒಂದೇ ಒಂದು ಚೆಂಡನ್ನು ಹಳೆಯ ಹೆಜ್ಜೆಯಲ್ಲಿ, ಕಲ್ಲು ಸುತ್ತಿ, ಎಸೆದಳು. ಬಾಯಿ ತೆರೆದಿತ್ತು. ನಾನು ಬೂಟಿನ ದಾರ ಕಟ್ಟುತ್ತಿದ್ದೆ. ವಾರ್ಮ್-ಅಪ್ಪಿನಲ್ಲಿ ಅಂಪೈರ್ ಇರುವುದಿಲ್ಲ, ನಾನೂ ಇರಲಿಲ್ಲವೆಂದು ತಿಳಿಯಿರಿ.

ನಮ್ಮ ಶಾಲೆಯ ಮೈದಾನದಲ್ಲಿ ಈಗ ಅವಳು ಆ ಜಾಗವನ್ನು ತುಳಿದುಕೊಂಡು ಓಡಾಡುತ್ತಾಳೆ, ಉಳಿದ ಮಕ್ಕಳೂ ಕೂಡ. ನಾನು ಮಾತ್ರ ಇನ್ನೂ ಸುತ್ತಿಯೇ ಹೋಗುತ್ತೇನೆ. ಅಭಿಜ್ಞಾಳಿಗೆ ಒಂದು ನಮಸ್ಕಾರ ಬಾಕಿ ಇತ್ತಲ್ಲ. ತಕರಾರನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಉಲ್ಲಾಸ


ದಾಸನಕೊಪ್ಪ
೨೮ ನವೆಂಬರ್

ಉಲ್ಲಾಸ ಸರ್ ಅವರಿಗೆ ಶರಣು.

ಪತ್ರ ಓದಿ ಇವರಿಗೂ ಓದಿ ಹೇಳಿದೆ. ಕಬ್ಬಿನ ಹಾಲಿನ ಗಾಡಿಯ ಮಾತು ಬಂದಾಗ ಎದ್ದು ಹೊರಗೆ ಹೋದರು.

ಗಿರಣಿ ನಿಲ್ಲಿಸಿದರೆ ಗೋಡೆಯಾಚೆ ಸದ್ದು ಈಗಲೂ ಕೇಳುತ್ತದೆ. ಮೊದಲಿನ ಹಾಗೆ ಎದ್ದು ಹೋಗಿ ನೋಡುವುದಿಲ್ಲ. ನೋಡಿದರೆ ಅಭಿ ಆಟ ನಿಲ್ಲಿಸುತ್ತಾಳೆ. ಆಡಿಕೊಳ್ಳಲಿ. ಕಲ್ಲು ತೆಗೆದ ಮೇಲೆ ಅವಳಿಗೂ ಜಾಗ ಆಗಿದೆ.

ಇನ್ನು ಮುಂದೆ ಪತ್ರ ಬರೆಯಬೇಡಿರಿ ಸರ್. ರಾಜ್ಯದ ಆಟ ದೂರದ ಊರಿನಲ್ಲಂತೆ, ಪತ್ರ ಬರುವಷ್ಟು ದಿನ ನನಗೆ ಕಾಯಲು ಆಗುವುದಿಲ್ಲ. ಫೋನ್ ಮಾಡಿರಿ. ಗಿರಣಿ ಬಂದ್ ಮಾಡಿ ಎತ್ತುತ್ತೇನೆ. ಎತ್ತಿದ ಕೂಡಲೇ ಮೊದಲು ‘ಪ್ರತಿಭಾ ಆರಾಮ ಇದಾಳ’ ಅಂತ ಹೇಳ್ರಿ. ಮೆಲ್ಲಕ ಹೇಳ್ರಿ, ಕೇಳಸತೈತಿ. ಆಮೇಲೆ ನಿಮ್ಮ ಪ್ರಾಸ ಎಷ್ಟು ಬೇಕಾದರೂ ಹೇಳ್ರಿ.

ದಾಕ್ಷಾಯಿಣಿ